ಬರಿಗೈ ಮದುವೆ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು, ಹುಡುಗಿಯನ್ನು ಯಾವ ಕೆಲಸದಲ್ಲಿ ಕೊಡುತ್ತೀರಿ ಎಂದು. ಜಾತಕ, ಬಣ್ಣ, ಎತ್ತರ ಎಲ್ಲ ಆಮೇಲಿನ ಮಾತು. ಮಗ್ಗದಲ್ಲಿ ಕೊಡುತ್ತೇವೆ ಎಂದರೆ ಅವಳು ಲಾಳಿ ಹಿಡಿದು ಹಸೆಮಣೆ ಏರುತ್ತಾಳೆ. ಹೂವಿನಲ್ಲಿ ಕೊಡುತ್ತೇವೆ ಎಂದರೆ ಕೈಯಲ್ಲಿ ಬಾಳೆನಾರು ಇರುತ್ತದೆ. ಆಮೇಲೆ ಜೀವಮಾನವಿಡೀ ಆ ಲಾಳಿಯೋ ನಾರೋ ಮನೆಯೊಳಗೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಇರಬೇಕು. ಇಲ್ಲದಿದ್ದರೆ ಗಂಡ ಅಡುಗೆಮನೆ ಬಾಗಿಲಲ್ಲಿ ನಿಂತು, "ನಮ್ಮನೆಯೋಳು ಎಲ್ಲಿ ಹೋದ್ಲು, ನೋಡಿದ್ರಾ?" ಎಂದು ಅವಳನ್ನೇ ಕೇಳುತ್ತಾನೆ.

ನನ್ನ ಮದುವೆ ಚಹದ ಕೆಟಲ್‌ನಲ್ಲಿ ಆಯಿತು. ಹುಣಸೆಮರದ ಕೆಳಗೆ ನನ್ನದೊಂದು ಚಹದಂಗಡಿ. ನನ್ನ ಹೆಂಡತಿ ಪುಟ್ಟತಾಯಿ ಬಳೆಯ ಮಲಾರ ಹೊತ್ತು ಬಂದವಳು, ಈಗಲೂ ಅದನ್ನು ಹೆಗಲಿಂದ ಇಳಿಸದೆ ಮುದ್ದೆ ತೊಳಸುತ್ತಾಳೆ. ಮದುವೆಯಾದ ಹೊಸದರಲ್ಲಿ ನಾನು ಕೆಟಲ್ ಹೊರಗಿಟ್ಟು ಬಚ್ಚಲಿಗೆ ಹೋಗಿದ್ದೆ. ಬಚ್ಚಲಲ್ಲಿ ಯಾವನೋ ಇದ್ದಾನೆ ಎಂದು ಅವಳು ಬೀದಿಯವರನ್ನೆಲ್ಲ ಸೇರಿಸಿದಳು. ಅಂದಿನಿಂದ ನನಗೆ ಕೆಟಲ್ ಹಿಡಿದೇ ಸ್ನಾನ ಮಾಡಿ ಅಭ್ಯಾಸ.

ಊರು ಸಣ್ಣದು. ಯಾವ ಕೆಲಸವೂ ಒಬ್ಬರ ಇಡೀ ದಿನ ತುಂಬುವಷ್ಟು ಇಲ್ಲಿಲ್ಲ. ಹಾಗಾಗಿ ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು, ಸಂಜೆಗೊಂದು ಎಂದು ತುಂಡು ತುಂಡು ಕೆಲಸ ಸೇರಿಸಿ ಎಲ್ಲರೂ ಕೌದಿ ಹೊಲಿದ ಹಾಗೆ ಬದುಕು ಹೊಲಿದುಕೊಂಡಿದ್ದೇವೆ. ಎದುರಿಗೆ ಬಂದವರ ಉಳಿದ ಕೆಲಸಗಳು ಯಾವುವು ಎಂದು ಕೇಳುವುದು ಮಾತ್ರ ಕೆಟ್ಟ ಚಾಳಿ, ಮರ್ಯಾದಸ್ತರು ಕೇಳುವುದಿಲ್ಲ. ಸಂಜೆ ನಾನು ಕೊಡೆ ರಿಪೇರಿ ಮಾಡುತ್ತೇನೆ. ಒಮ್ಮೆ ಪುಟ್ಟತಾಯಿ ಮುರಿದ ಕೊಡೆ ತಂದು ನನ್ನೆದುರು ಕೂತು, ಚೌಕಾಸಿ ಮಾಡಿ, ಮನೆಯ ಕಥೆಯೆಲ್ಲ ಹೇಳಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು ಹೋದಳು. ಕೊಡೆಯವನ ಹತ್ತಿರ ನಕ್ಕಷ್ಟು ಅವಳು ನನ್ನ ಹತ್ತಿರ ಯಾವತ್ತೂ ನಕ್ಕಿಲ್ಲ. ಇದನ್ನು ಯಾರಿಗೆ ಹೇಳಿಕೊಳ್ಳುವುದು? ಹೋಗಲಿ ಬಿಡಿ, ನಾನು ಹೇಳಹೊರಟಿದ್ದು ವನಜಾಕ್ಷಿಯ ಸಂಗತಿ. ಅವಳೇ ನನ್ನ ಅಂಗಡಿಯಲ್ಲಿ ಕೂತು ಹೇಳಿದ್ದು.

ಮಕ್ಕಳಿಗೆ ಈ ಯಾವ ಕಷ್ಟವೂ ಇಲ್ಲ. ಮೊದಲ ಕೆಲಸ ಹಿಡಿಯುವ ತನಕ ಅವರು ಎಲ್ಲರನ್ನೂ ಬಲ್ಲರು, ಎಲ್ಲರೂ ಅವರನ್ನು ಬಲ್ಲರು. ಕೆಲಸ ಹಿಡಿದ ದಿನ ಮನೆಯಲ್ಲಿ ಪಾಯಸ ಮಾಡುತ್ತಾರೆ, ತಾಯಂದಿರು ಬಡಿಸುತ್ತಾ ಅಳುತ್ತಾರೆ. ವನಜಾಕ್ಷಿಯ ಪಾಯಸ ಆಗುವ ಮೊದಲೇ ಅವಳ ತಾಯಿ ಮಲಗಿದಳು. ಆ ತಾಯಿಯನ್ನು ಮೊರದಲ್ಲಿ ಕೊಟ್ಟಿದ್ದರು. ಊರವರ ಮನೆಯ ಕಾಳು ಕೇರಿ ಕೊಡುತ್ತಿದ್ದವಳು, ಮಲಗುವಾಗಲೂ ಮೊರ ದಿಂಬಿನ ಕೆಳಗೆ. ಜ್ವರ ಏರಿ ಕೈಯ ಹಿಡಿತ ಹೋದಾಗ ಹುಡುಗಿ ಮತ್ತೆ ಮತ್ತೆ ಅಮ್ಮನ ಬೆರಳಿಗೆ ಮೊರದ ಅಂಚು ಸಿಕ್ಕಿಸಿದಳು, ಅದು ಮತ್ತೆ ಮತ್ತೆ ಜಾರಿತು. ಅಪ್ಪ ಹಾಸಿಗೆಯ ಪಕ್ಕದಲ್ಲಿ ಪರಸ್ಥಳದವರ ಮನೆಗೆ ಬಂದವನ ಹಾಗೆ ಮುದುರಿ ಕೂತಿದ್ದ. "ತಾಯೀ, ನಮ್ಮನೆಯೋಳನ್ನ ನೋಡಿದ್ರಾ? ಇಲ್ಲೇ ಎಲ್ಲೋ ಕಾಳು ಕೇರ್ತಿರಬೇಕು" ಎಂದು ಹಾಸಿಗೆಯಲ್ಲಿದ್ದ ಅಮ್ಮನನ್ನೇ ಕೇಳಿದ. "ಬರ್ತಾಳೆ, ಕೂತಿರಿ" ಎಂದಳು ಅವಳು. ಅದೇ ಕೊನೆಯ ಮಾತು. ಅಪ್ಪ ಆಮೇಲೂ ಬಹಳ ಹೊತ್ತು ಕೂತೇ ಇದ್ದ.

ಅಂದಿನಿಂದ ಬದುಕಿನಲ್ಲಿ ವನಜಾಕ್ಷಿಗೆ ಬೇಕಾಗಿದ್ದು ಒಂದೇ. ತಾನು ಏನೂ ಹಿಡಿಯದೆ ಇರುವಾಗ, ಬರಿಗೈಯಲ್ಲಿ, ಯಾರಾದರೂ ಒಬ್ಬರು ತನ್ನನ್ನು ಇವಳೇ ಎಂದು ಗುರುತು ಹಿಡಿಯಬೇಕು. ಊರಿನ ಲೆಕ್ಕದಲ್ಲಿ ಅದು ಚಂದ್ರನನ್ನು ಕೇಳಿದ ಹಾಗೆ. ಆದರೂ ಅವಳು ಕೇಳುತ್ತಿದ್ದಳು.

ಅವಳದು ಮೂರು ಕೆಲಸ. ಬೆಳಿಗ್ಗೆ ಸಂತೆಕಟ್ಟೆಯಲ್ಲಿ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕೂರುತ್ತಿದ್ದಳು. ಬಿಸಿಲೇರಿದ ಮೇಲೆ ಸೂಜಿ ಹಿಡಿದು ಮನೆಮನೆಗೆ ಹೋಗಿ ಹರಿದ ಬಟ್ಟೆಗೆ ತೇಪೆ ಹಾಕುತ್ತಿದ್ದಳು. ಸಂಜೆ, ದೂರದ ಪಟ್ಟಣದಿಂದ ಬರುವ ದಿನಪತ್ರಿಕೆಯನ್ನು ಕೆಲಸದಲ್ಲಿ ಮುಳುಗಿರುವವರಿಗೆ ಓದಿ ಹೇಳುತ್ತಿದ್ದಳು. ಮಜ್ಜಿಗೆಯವಳು ಜಗಳಗಂಟಿ, ತೇಪೆಯವಳು ಮೌನಿ, ಓದುವವಳ ದನಿ ತಂಪು ಎಂದು ಊರಿನಲ್ಲಿ ಮೂವರ ಬಗ್ಗೆಯೂ ಮೂರು ಮಾತಿತ್ತು. ಮಜ್ಜಿಗೆಯವಳ ಹತ್ತಿರ ಜಗಳವಾಡಿ ಬಂದವನೇ ಸಂಜೆ ಓದುವವಳನ್ನು ಹೊಗಳುತ್ತಿದ್ದ. ಅವಳಿಗೆ ಮೊದಮೊದಲು ನಗು ಬರುತ್ತಿತ್ತಂತೆ. ಆಮೇಲೆ ಬರುವುದು ನಿಂತಿತು.

ಪತ್ರಿಕೆ ಓದಿಸಿಕೊಳ್ಳುತ್ತಿದ್ದವರಲ್ಲಿ ತಿಪ್ಪೇಸ್ವಾಮಿ ಒಬ್ಬ. ಸಂಜೆಯ ಹೊತ್ತು ಹಾಸಿಗೆಯ ಹತ್ತಿ ಹಿಂಜುವವನು. ಅಂಗಡಿಯ ಸೂರಿಗೆ ತೂಗುಬಿಟ್ಟ ಆಳೆತ್ತರದ ಬಿಲ್ಲು, ಅದರ ನರಕ್ಕೆ ಹೊಡೆದರೆ ಟೊಂಯ್ ಟೊಂಯ್ ಎಂದು ಸದ್ದು, ಗಾಳಿಯ ತುಂಬ ಹತ್ತಿ. ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿ ಮೂವತ್ತೈದಕ್ಕೇ ಅಜ್ಜನ ಹಾಗೆ ಕಾಣುತ್ತಿದ್ದ. ರಾಜಕೀಯ ಅವನಿಗೆ ಬೇಡ, ಪೇಟೆ ಧಾರಣೆ ಬೇಡ. 'ಕಾಣೆಯಾಗಿದ್ದಾರೆ' ಎಂಬ ಜಾಹೀರಾತು ಬಂತೆಂದರೆ ಬಿಲ್ಲು ನಿಲ್ಲಿಸಿ ಕೇಳುತ್ತಿದ್ದ.

"ಎಣ್ಣೆಗೆಂಪು ಮೈಬಣ್ಣ, ಎಡಗೆನ್ನೆ ಮೇಲೆ ಮಚ್ಚೆ, ನಡೆಯುವಾಗ ಸ್ವಲ್ಪ ಕುಂಟುತ್ತಾರೆ" ಎಂದು ಅವಳು ಓದುತ್ತಿದ್ದಳು.

"ಯಾವ ಕೆಲಸ ಹಿಡಿದಿದ್ರು ಅಂತ ಬರೆದಿಲ್ವಾ?"

"ಇಲ್ಲ."

"ಬರೀ ಮಚ್ಚೆ ನೋಡಿ ಹುಡುಕ್ತಾರಾ? ಕೈಯಲ್ಲಿ ಏನೂ ಇಲ್ದೆ ಇದ್ರೂ ಗುರುತು ಸಿಗತ್ತಾ ಅವ್ರಿಗೆ?"

"ಅಲ್ಲಿ ಸಿಗತ್ತೇನೋ."

"ಪುಣ್ಯ ಮಾಡಿದ್ರು" ಎಂದು ತಿಪ್ಪೇಸ್ವಾಮಿ ಮತ್ತೆ ಬಿಲ್ಲಿಗೆ ಕೈಹಾಕುತ್ತಿದ್ದ. ಆ ಮಾತನ್ನು ಅವನು ಹೇಳಿದ ರೀತಿಗೇ ಅವಳ ಮನಸ್ಸು ಅವನ ಕಡೆ ವಾಲಿದ್ದು. ಊರಿನಲ್ಲಿ ಬೇರೆ ಯಾರಿಗೂ ಅದು ಆಸೆಪಡುವ ವಿಷಯ ಎಂದು ಅನ್ನಿಸಿರಲೇ ಇಲ್ಲ.

ಒಂದು ಸಂಜೆ ಓದು ಮುಗಿದ ಮೇಲೂ ಅವನು ಬಿಲ್ಲು ಮುಟ್ಟದೆ ಹತ್ತಿಯ ರಾಶಿಯನ್ನೇ ನೋಡುತ್ತಾ ಕೂತ. "ನಿಮ್ಮನ್ನ ಪತ್ರಿಕೆಯಲ್ಲಿ ಮದುವೆಗೆ ಕೇಳ್ಬೇಕು ಅಂತಿದ್ದೀನಿ. ಕೇಳೋಕೆ ಹಿರೀಕರು ಅಂತ ನಂಗೆ ಯಾರೂ ಇಲ್ಲ. ಅದಕ್ಕೆ ನಾನೇ ಕೇಳ್ತಿದ್ದೀನಿ" ಎಂದ.

ವನಜಾಕ್ಷಿಗೆ ಹೌದು ಎಂದುಬಿಡುವ ಆಸೆ ನಾಲಿಗೆಯ ತುದಿಗೆ ಬಂತು. ಅದರ ಬೆನ್ನಿಗೇ ದಿಂಬಿನ ಕೆಳಗಿನ ಮೊರ ನೆನಪಾಯಿತು. ಮುಂದೊಂದು ದಿನ ಪತ್ರಿಕೆ ತನ್ನ ಕೈಯಿಂದ ಜಾರುತ್ತದೆ, ಈ ಒಳ್ಳೆಯ ಮನುಷ್ಯ ತನ್ನ ಪಕ್ಕದಲ್ಲೇ ಕೂತು, ನಮ್ಮನೆಯೋಳನ್ನ ನೋಡಿದ್ರಾ ಎಂದು ಕೇಳುತ್ತಾನೆ. "ಹುಣಸೆಹಣ್ಣು ಬಡಿಯೋ ಹೊತ್ತಿಗೆ ಹೇಳ್ತೀನಿ" ಎಂದು ಎದ್ದು ಬಂದಳು.

ಮರುದಿನದಿಂದ ಅವಳು ಶುರು ಮಾಡಿದ್ದನ್ನು ಕೇಳಿದರೆ ನಮ್ಮೂರವರು ತಲೆ ಕೆಟ್ಟಿದೆ ಅನ್ನುತ್ತಾರೆ. ಊಟದ ಬಿಡುವಿನಲ್ಲಿ ಗಡಿಗೆಯನ್ನು ಮನೆಯಲ್ಲಿ ಬೋರಲು ಹಾಕಿ, ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿ, ಬರಿಗೈಯಲ್ಲಿ ಬೀದಿಗಿಳಿದಳು. ಹುಣಸೆಮರದ ದಾರಿಯಾಗಿಯೇ ತಾನು ಮಧ್ಯಾಹ್ನ ಬಿಲ್ಲು ಹೊತ್ತು ಹೋಗಿಬರುವುದೆಂದು ತಿಪ್ಪೇಸ್ವಾಮಿ ಯಾವಾಗಲೋ ಅಂದಿದ್ದ. ನನ್ನ ಅಂಗಡಿಯೆದುರಿನ ಕಲ್ಲುಬೆಂಚಿನ ಮೇಲೆ ಕೂತು, ಬಿಲ್ಲು ಹೊತ್ತವನು ಬರುತ್ತಾನೆ, ಬಂದವನು ನಿಲ್ಲುತ್ತಾನೆ, ನಿಂತು ತನ್ನ ಮುಖ ನೋಡಿ ಹೆಸರು ಹಿಡಿದು ಕರೆಯುತ್ತಾನೆ ಎಂದು ಕಾದಳು. ಅವನಿಗೆ ಮೊದಲೇ ಹೇಳಿರಲಿಲ್ಲ. ಹೇಳಿ ಮಾಡಿಸಿದರೆ ಅದು ಗುರುತು ಹಿಡಿದ ಹಾಗೆ ಅಲ್ಲವಲ್ಲ.

ಬರಿಗೈಯವರು ನಮಗೆ ದಿನಾ ಹೊಸಬರೇ. ನಿನ್ನೆ ನೋಡಿದ ಮುಖ ಇವತ್ತಿಗೆ ಉಳಿಯುವುದಿಲ್ಲ. ಮಧ್ಯಾಹ್ನ ಯಾರೋ ಒಬ್ಬ ಹೆಂಗಸು, ಯಾರೋ ಒಬ್ಬ ಗಂಡಸು ಬೆಂಚಿನ ಮೇಲೆ ಕೂರುತ್ತಿದ್ದದ್ದು ನನಗೆ ನೆನಪಿದೆ. ಊರಿಗೆ ಈಚೀಚೆಗೆ ಪರಸ್ಥಳದವರು ಬಹಳ ಬರುತ್ತಿದ್ದಾರೆ, ವ್ಯಾಪಾರ ಕುದುರಿತು ಎಂದು ನಾನು ಹಾಲು ಹೆಚ್ಚಿಗೆ ತರಿಸಿದೆ. ವನಜಾಕ್ಷಿ ಬೆಳಿಗ್ಗೆ ಗಡಿಗೆಯ ಜೊತೆ ಕಂಡಾಗ, "ನಿನ್ನ ಮಜ್ಜಿಗೆಗಿಂತ ನನ್ನ ಚಹಾನೇ ಜಾಸ್ತಿ ಹೋಗ್ತಿದೆ ನೋಡು" ಎಂದು ರೇಗಿಸಿಯೂ ಇದ್ದೆ. ಅವಳು ಮುಂದಿನ ಲೋಟಕ್ಕೆ ಮಜ್ಜಿಗೆ ಹೊಯ್ದಳು, ಜಗಳಗಂಟಿ ಯಾಕೋ ಜಗಳಕ್ಕೇ ಬರಲಿಲ್ಲ ಅಂದುಕೊಂಡೆ.

ಬೆಂಚಿನ ಇನ್ನೊಂದು ತುದಿಯಲ್ಲಿ ಕೂತವನು ಪ್ರತಿದಿನ ಒಂದೇ ಮಾತು ಕೇಳುತ್ತಿದ್ದ.

"ಯಾರಿಗಾದ್ರೂ ಕಾಯ್ತಿದ್ದೀರಾ?"

"ಹೌದು. ನೀವು?"

"ನಾನೂ."

ಅವಳು ಸೆರಗಿನ ಗಂಟು ಬಿಚ್ಚಿ ಕಡಲೆಕಾಯಿ ಸುಲಿದು ಅರ್ಧ ಅವನ ಅಂಗೈಗೆ ಹಾಕುತ್ತಿದ್ದಳು. ಕಾಯುವವರಿಗೆ ಕಾಯುವವರ ಮೇಲೆ ಬರುವ ಕರುಣೆ ಅದು, ಬೇರೇನಲ್ಲ. ಇಬ್ಬರೂ ರಸ್ತೆಯ ಕಡೆಗೇ ಕಣ್ಣಿಟ್ಟು ಜಗಿಯುತ್ತಿದ್ದರು. ಬಿಲ್ಲು ಹೊತ್ತವನು ಬರಲಿಲ್ಲ. ಬಿಡುವು ಮುಗಿದು ಅವಳು ಸೂಜಿಯ ಕಡೆಗೆ, ಅವನು ಎಲ್ಲಿಗೋ. ಸಂಜೆ ಪತ್ರಿಕೆ ಓದುವಾಗ ಅವಳಿಗೆ ತಿಪ್ಪೇಸ್ವಾಮಿಯ ಮುಖ ನೋಡಿದರೆ ಸಂಕಟ. ಇವನು ಬೇಕೆಂದೇ ದಾರಿ ಬದಲಿಸಿದ್ದಾನೆಯೇ? ಬಂದು, ನೋಡಿ, ಗುರುತು ಸಿಗದೆ ಹೋಗಿಬಿಟ್ಟನೇ? ಅವನೂ ಯಾಕೋ ಬಿಲ್ಲನ್ನು ಮೊದಲಿನ ಹಾಗೆ ಮೀಟುತ್ತಿರಲಿಲ್ಲ, ಹತ್ತಿ ಗಂಟುಗಂಟಾಗಿಯೇ ಉಳಿಯುತ್ತಿತ್ತು.

ಹುಣಸೆಹಣ್ಣು ಬಡಿಯುವವರು ಉದ್ದನೆಯ ಗಳ ಹಿಡಿದು ಬಂದರು. ಬೆಂಚಿನ ಸುತ್ತ ಹಣ್ಣು ಉದುರಿತು. ಅವತ್ತೂ ಅವಳು ಕೂತಳು, ಅವತ್ತೂ ಯಾರೋ ಒಬ್ಬ ಬಂದು ಕೇಳಿದ, ಅವತ್ತೂ ಕಡಲೆಕಾಯಿ ಸುಲಿದಳು. ಸಂಜೆ ಪತ್ರಿಕೆಯ ಮಡಿಕೆಯನ್ನೂ ಬಿಚ್ಚದೆ ತಿಪ್ಪೇಸ್ವಾಮಿಯ ಎದುರು ನಿಂತು, "ನಂಗೆ ಆಗಲ್ಲ" ಎಂದಳು.

ಅವನು ತಲೆ ತಗ್ಗಿಸಿ, "ಆಯ್ತು" ಎಂದ. ತಲೆಯೆತ್ತದೆಯೇ, "ಕಾರಣ ಕೇಳಬಹುದಾ?" ಎಂದ.

"ನೀವು ನನ್ನ ಗುರುತು ಹಿಡೀಲಿಲ್ಲ. ದಿನಾ ಬರಿಗೈಲಿ ಹುಣಸೆಮರದ ಕೆಳಗೆ ಕೂತು ಕಾದೆ. ನೀವು ಆ ಕಡೆ ತಲೆನೇ ಹಾಕ್ಲಿಲ್ಲ. ಯಾರ್ಯಾರೋ ದಾರಿಹೋಕರು ಬಂದ್ರು, ಮಾತಾಡ್ಸಿದ್ರು. ಅವ್ರಿಗಿದ್ದ ಕರುಣೆನೂ ನಿಮಗೆ ಇರಲಿಲ್ಲ."

ಬಿಲ್ಲಿನ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು. "ಏನಂತ ಮಾತಾಡ್ಸಿದ್ರು?"

"ಯಾರಿಗಾದ್ರೂ ಕಾಯ್ತಿದ್ದೀರಾ ಅಂತ. ಎಲ್ರೂ ಅದನ್ನೇ ಕೇಳಿದ್ರು."

ಹತ್ತಿಯ ಒಂದು ಎಳೆ ಅವನ ರೆಪ್ಪೆಯ ಮೇಲೆ ಕೂತಿತ್ತು, ಒರೆಸಿಕೊಳ್ಳಲೂ ಇಲ್ಲ. "ಬಿಲ್ಲು ಇಲ್ಲಿಟ್ಟು ನಾನೂ ದಿನಾ ಅಲ್ಲೇ ಕೂತಿದ್ದೆ. ಪಟ್ಟಣದಿಂದ ಬಂದ ಪತ್ರಿಕೆ ಹಿಡಿದು ನೀವು ಆ ದಾರೀಲೇ ಬರ್ತೀರಿ, ಬರಿಗೈಲಿರೋ ನನ್ನ ಕಂಡು ಹಿಡೀತೀರಿ ಅಂತ. ನೀವು ಬರಲಿಲ್ಲ. ಯಾರ್ಯಾರೋ ಹೆಂಗಸರು ಬಂದ್ರು. ಎಲ್ರೂ ಕಡಲೆಕಾಯಿ ಸುಲಿದು ಕೊಟ್ರು. ಊರ ಹೆಂಗಸರಿಗೆಲ್ಲ ನನ್ನ ಮೇಲೆ ಇಷ್ಟು ಕನಿಕರ ಯಾಕೆ ಅಂದ್ಕೊಂಡೆ" ಎಂದ.

ವನಜಾಕ್ಷಿ ಅಲ್ಲೇ ಹತ್ತಿಯ ಮೇಲೆ ಕುಸಿದು ಕೂತಳು. ತನ್ನ ಗುರುತು ಯಾರೂ ಹಿಡಿಯಲಿಲ್ಲ ಎಂದು ಇಷ್ಟು ವರ್ಷ ಕೊರಗಿದವಳು, ತಾನು ಯಾರದಾದರೂ ಗುರುತು ಹಿಡಿಯಬೇಕಿತ್ತು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಪಕ್ಕದಲ್ಲಿ ಕೂತವನ ಮುಖವನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಅವಳು ಅತ್ತಳು. ಅವನೂ ಅತ್ತ ಎಂದು ಕಾಣುತ್ತದೆ, ಆ ಮಾತು ಬಂದಾಗ ಅವಳು ಹಾರಿಸಿ ಮುಂದಕ್ಕೆ ಹೋದಳು. ಆಮೇಲೆ ಅವನು ಬಿಲ್ಲು ಕೆಳಗಿಟ್ಟ, ಅವಳು ಪತ್ರಿಕೆ ಕೆಳಗಿಟ್ಟಳು. ಅವಳ ಎದುರಿಗೆ ಪರಿಚಯವಿಲ್ಲದ ಯಾರೋ ಒಬ್ಬ ನಿಂತಿದ್ದ. ಪವಾಡ ಏನೂ ಆಗಲಿಲ್ಲ. ಆ ಪರಿಚಯವಿಲ್ಲದವನು ನಿಧಾನವಾಗಿ, "ಯಾರಿಗಾದ್ರೂ ಕಾಯ್ತಿದ್ದೀರಾ?" ಎಂದ. ಅವಳು ಮೊದಲ ಸಲ ರಸ್ತೆಯ ಕಡೆ ನೋಡದೆ ಅವನ ಕಡೆ ನೋಡಿ ಹೌದು ಎಂದಳು.

ಅವರ ಮದುವೆ ಬರಿಗೈಯಲ್ಲೇ ಆಯಿತು. ನಮ್ಮೂರ ಮದುವೆಗೆ ಬರುವವರು ಅವರವರ ಸಾಮಾನು ಹಿಡಿದೇ ಬರುತ್ತಾರೆ, ನೇಗಿಲು ತಂದವರ ಪಕ್ಕದಲ್ಲಿ ಊಟಕ್ಕೆ ಕೂರುವುದು ಯಾರಿಗೂ ಇಷ್ಟವಿಲ್ಲ. ಅಂಥ ಚಪ್ಪರದಲ್ಲಿ ಏನೂ ಹಿಡಿಯದ ಇಬ್ಬರು ಹಸೆಯ ಮೇಲೆ ಕೂತಿದ್ದು ಕಂಡು ಐನೋರು, ಹೆಣ್ಣುಗಂಡು ಇನ್ನೂ ಬಂದಿಲ್ಲವೇ ಎಂದು ಕೇಳಿದರು. ತಾಳಿ ಕಟ್ಟಿದ ಮೇಲೆ ಇಬ್ಬರೂ ಎದ್ದು ಹಿರಿಯರಿಗೆ ನಮಸ್ಕರಿಸಲು ಹೋಗಿ ಜನರ ನಡುವೆ ಒಬ್ಬರಿಗೊಬ್ಬರು ಕಳೆದುಹೋದರು. ನಾನು ಕೆಟಲ್ ಹಿಡಿದು ಚಹ ಹಂಚುತ್ತಿದ್ದೆ. ಯಾವಳೋ ಒಬ್ಬಳು ಬಂದು, ಯಾರಿಗಾದ್ರೂ ಕಾಯ್ತಿದ್ದೀರಾ ಎಂದಳು. ನಾನು ಇಲ್ಲ ತಾಯಿ ಎಂದೆ. ಅವಳು ಮುಂದಿನವರ ಹತ್ತಿರ ಹೋದಳು.

ಆಮೇಲಿನ ಸಂಸಾರವೂ ಹೀಗೇ. ಬೆಳಿಗ್ಗೆ ಕಣ್ಣು ಬಿಟ್ಟರೆ ಪಕ್ಕದಲ್ಲಿ ಯಾರೋ. ಮೊದಮೊದಲು ಎದೆ ಧಸಕ್ಕೆನ್ನುತ್ತಿತ್ತಂತೆ. ಒಬ್ಬರು ಕೇಳಬೇಕು, ಇನ್ನೊಬ್ಬರು ಹೌದು, ನೀವು ಎನ್ನಬೇಕು, ಆಮೇಲೆಯೇ ಒಲೆ ಹಚ್ಚುವುದು. "ದಿನಾ ಹೊಸ ಗಂಡ, ನಿನ್ನ ಪುಣ್ಯ" ಎಂದು ಸಂತೆಕಟ್ಟೆಯ ಹೆಂಗಸರು ಮಜ್ಜಿಗೆ ಕುಡಿಯುತ್ತಾ ಅವಳನ್ನು ಆಡಿಕೊಳ್ಳುತ್ತಿದ್ದರು. ಸಂಜೆ ಬಿಲ್ಲಿನ ಜೊತೆ ಅವನು, ಪತ್ರಿಕೆಯ ಜೊತೆ ಅವಳು, ಆಗ ಗುರುತಿಗೆ ತೊಂದರೆಯಿರಲಿಲ್ಲ. "ಆದ್ರೆ ಸಂಜೇದು ಸುಮ್ನೆ ಸಿಗೋದು, ಬೆಳಿಗ್ಗೇದು ಹುಡುಕಿ ಸಿಗೋದು. ನಂಗೆ ಬೆಳಿಗ್ಗೇದೇ ಇಷ್ಟ" ಎಂದು ನನ್ನ ಹತ್ತಿರ ಒಂದು ಸಲ ಹೇಳಿದ್ದಳು.

ವಯಸ್ಸಾಗುತ್ತಾ ಅವಳ ಬೆರಳ ಗೆಣ್ಣುಗಳು ಊದಿಕೊಂಡವು. ಮೊದಲು ಗಡಿಗೆ ಹೋಯಿತು, ಆಮೇಲೆ ಸೂಜಿ. ಪತ್ರಿಕೆ ಒಂದಷ್ಟು ಕಾಲ ಉಳಿದಿತ್ತು, ಕಡೆಗೆ ಅದನ್ನೂ ಮಡಿಲಲ್ಲಿ ಹರಡಿಕೊಳ್ಳಲು ಆಗಲಿಲ್ಲ. ಹಾಸಿಗೆ ಹಿಡಿದಳು ಎಂದು ಸುದ್ದಿ ಬಂತು. ಅವರ ಮನೆಗೆ ಮಧ್ಯಾಹ್ನದ ಚಹ ನಾನೇ ಒಯ್ಯತೊಡಗಿದೆ. ಮನೆ ಗೊತ್ತಿತ್ತು, ಹಾಗಾಗಿ ಒಳಗಿರುವವರು ಯಾರೆಂದು ಊಹಿಸಬಲ್ಲೆ. ಕಣ್ಣಿಗೆ ಮಾತ್ರ ಹಾಸಿಗೆಯ ಮೇಲೆ ಯಾವುದೋ ಮುದುಕಿ.

ಒಂದು ದಿನ ಹೋದಾಗ ಬಿಲ್ಲು ಹೊರಗೆ ಜಗುಲಿಯ ಗೋಡೆಗೆ ಒರಗಿತ್ತು. ಅದನ್ನು ಹಿಡಿದು ಒಳಗೆ ಹೋದರೆ ಅವಳಿಗೆ ಅವನ ಗುರುತು ಸಿಗುತ್ತಿತ್ತು. ಅವನಿಗೆ ಅವಳದು ಸಿಗುತ್ತಿರಲಿಲ್ಲ. ಅದಕ್ಕೇ, ಇಬ್ಬರೂ ಸಮವಾಗಿ ಬರಿಗೈಯಲ್ಲಿರಲಿ ಎಂದು, ಅವನು ಹೊರಗಿಟ್ಟು ಹೋಗಿದ್ದ ಎಂದು ನನಗೆ ಅಲ್ಲೇ ನಿಂತಾಗ ಹೊಳೆಯಿತು. ಒಳಗೆ ಮಂಚದ ಪಕ್ಕ ಒಬ್ಬ ಮುದುಕ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಅವಳ ಕೈಗಳು ಹೊದಿಕೆಯ ಮೇಲೆ ಖಾಲಿ ಬಿದ್ದಿದ್ದವು. ಅವಳು ಎಚ್ಚರವಾಗಿ ಅವನನ್ನು ಸುಮ್ಮನೆ ನೋಡಿದಳು. ಅವನೂ ಅವಳನ್ನು ಹಾಗೇ ನೋಡಿದ. ಅವಳ ಅಪ್ಪನ ಕಥೆ ನೆನಪಾಗಿ ನಾನು ಬಾಗಿಲಲ್ಲೇ ನಿಂತೆ.

"ಯಾರಿಗಾದ್ರೂ ಕಾಯ್ತಿದ್ದೀರಾ?" ಎಂದ ಅವನು.

"ಹೌದು" ಎಂದಳು. ದನಿ ಬಹಳ ಸಣ್ಣಗಿತ್ತು. "ನೀವು?"

"ನಾನೂ" ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅವನು ಆ ಖಾಲಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಚಹವನ್ನು ಹೊಸ್ತಿಲಲ್ಲೇ ಇಟ್ಟು ನಾನು ಹೊರಟೆ.

ಅಂಗಡಿಗೆ ಹೋಗಬೇಕಾದವನು ಮನೆಯ ದಾರಿ ಹಿಡಿದೆ. ಅಂಗಳದ ತುಳಸಿಕಟ್ಟೆಯ ಹತ್ತಿರ ಕೆಟಲ್ ಇಳಿಸಿ, ಎರಡೂ ಕೈ ಬಿಟ್ಟುಕೊಂಡು ಒಳಗೆ ಕಾಲಿಟ್ಟೆ. ಪುಟ್ಟತಾಯಿ ಮಲಾರ ಹೆಗಲಲ್ಲಿ ಹಾಕಿಕೊಂಡೇ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, "ಯಾರು ಬೇಕಿತ್ತು? ನಮ್ಮನೆಯೋರು ಬರೋದು ಇನ್ನೂ ಹೊತ್ತಾಗತ್ತೆ" ಎಂದು ಚೆಂಬಿನಲ್ಲಿ ನೀರು ತಂದುಕೊಟ್ಟಳು. ಕೂತುಕೊಳ್ಳಿ ಎಂದು ಚಾಪೆ ಹಾಸಿದಳು. ಬಚ್ಚಲ ದಿನದ ಹಾಗೆ ಕೂಗಿಕೊಂಡರೆ ಓಡಿಹೋಗಿ ಕೆಟಲ್ ಎತ್ತಿಕೊಳ್ಳೋಣ ಎಂದು ಲೆಕ್ಕ ಹಾಕಿಕೊಂಡೇ ಬಂದಿದ್ದೆ. ಅವಳು ಕೂಗಲಿಲ್ಲ.

ನೀರು ಕುಡಿದೆ. "ಯಾರಿಗಾದ್ರೂ ಕಾಯ್ತಿದ್ದೀರಾ?" ಎಂದು ಕೇಳಿದೆ.

ಅವಳು ಅಕ್ಕಿಯ ಮೇಲಿನ ಕೈ ನಿಲ್ಲಿಸಿ ಬಾಗಿಲ ಆಚೆ ಬಹಳ ಹೊತ್ತು ನೋಡಿದಳು. ಆಮೇಲೆ, ಇಷ್ಟು ವರ್ಷದಲ್ಲಿ ನನಗೆ ಯಾವತ್ತೂ ಕೇಳಿಸದ ದನಿಯಲ್ಲಿ, "ಹೌದು, ಮದುವೆಯಾದಾಗ್ಲಿಂದ ಕಾಯ್ತಾನೇ ಇದ್ದೀನಿ" ಎಂದಳು. "ನೀವು?"

"ನಾನೂ" ಎಂದೆ. ಕೆಟಲ್ ತರಲು ಏಳಲಿಲ್ಲ.